ಕೇಸಿನಿಂದ ಹಾಳೆಗೆ, ಹಾಳೆಯಿಂದ ಮತ್ತೆ ಕೇಸಿಗೆ: ಕೈಯಿಂದ ಮೊಳೆ ಜೋಡಿಸಿ ಅಚ್ಚು ಹಾಕಲು ಕಲಿಯುವ ಬಗೆ

ಅಚ್ಚಾದ ಹಾಳೆಯನ್ನು ಹಿಡಿದವರ ಕಣ್ಣು ಅಕ್ಷರಗಳ ಮೇಲೆ ಬೀಳುತ್ತದೆ. ಮೊಳೆ ಎಂದರೆ ತುದಿಯಲ್ಲಿ ಅಕ್ಷರವಿರುವ ಲೋಹದ ಪುಟ್ಟ ತುಂಡು. ಅದನ್ನು ಜೋಡಿಸುವವರ ಕಣ್ಣು ಮೊದಲು ಹುಡುಕುವುದು ಖಾಲಿ ಜಾಗವನ್ನು. ಪದಗಳ ನಡುವೆ, ಸಾಲುಗಳ ನಡುವೆ, ಪುಟದ ಸುತ್ತ ಕಾಣುವ ಬಿಳುಪಿನ ಹಿಂದೆಲ್ಲ ಒಂದೊಂದು ಸೀಸದ ತುಂಡೋ ಮರದ ತುಂಡೋ ಕುಳಿತಿರುತ್ತದೆ. ಅದು ಅಕ್ಷರದ ಮೊಳೆಗಿಂತ ಗಿಡ್ಡ, ಆದ್ದರಿಂದ ಅದಕ್ಕೆ ಮಸಿ ತಾಗುವುದಿಲ್ಲ. ಆದರೆ ಅಕ್ಷರಗಳನ್ನು ಅಲುಗದಂತೆ ಹಿಡಿದಿಡುವುದು ಅದೇ. ಈ ಕಸುಬನ್ನು ಕಲಿಯಲು ಬಂದವರು ಯಂತ್ರದ ಕಡೆಗೆ ಓಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ನನ್ನ ಮಾತು ಕೇಳುವುದಾದರೆ ಮೊದಲ ಒಂದು ತಿಂಗಳು ಯಂತ್ರವನ್ನು ಮುಟ್ಟಬೇಡಿ. ಖಾಲಿ ಜಾಗವನ್ನು ಬೆರಳಿನಿಂದ ಅಳೆಯಲು ಕಲಿಯಿರಿ. ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

ಮೊಳೆಯನ್ನು ಪರಿಚಯ ಮಾಡಿಕೊಳ್ಳುವುದು

ಒಂದೇ ಒಂದು ಮೊಳೆಯನ್ನು ಬೆಳಕಿನಲ್ಲಿ ಹಿಡಿದು ಐದು ನಿಮಿಷ ನೋಡಿ. ಅದು ಸೀಸ, ತವರ, ಆಂಟಿಮನಿ ಎಂಬ ಮೂರು ಲೋಹಗಳ ಬೆರಕೆ. ಸೀಸ ಬೇಗ ಕರಗುತ್ತದೆ, ಆದರೆ ಮೆತ್ತಗೆ. ಆಂಟಿಮನಿ ಅದಕ್ಕೆ ಗಟ್ಟಿತನ ಕೊಡುತ್ತದೆ, ಆರುವಾಗ ಲೋಹ ಕುಗ್ಗುವುದನ್ನೂ ತಡೆಯುತ್ತದೆ. ಎರಕ ಅಚ್ಚಿನ ಮೂಲೆಮೂಲೆಗೂ ಹರಿಯುವಂತೆ ಮಾಡುವುದು ತವರ. ಮೊಳೆಯ ತುದಿಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ. ಬದಿಯಲ್ಲಿ ಒಂದು ಗೀರುಗುಳಿ ಇರುತ್ತದೆ, ಅದನ್ನು ನಿಕ್ ಎನ್ನುತ್ತಾರೆ. ಇದು ಕತ್ತಲಲ್ಲಿ ಕೂಡ ಮೊಳೆಯ ದಿಕ್ಕನ್ನು ಬೆರಳಿಗೆ ಹೇಳಿಬಿಡುತ್ತದೆ. ನಿಕ್ ಇರುವ ಕಡೆ ಅಕ್ಷರದ ಬುಡ, ಇನ್ನೊಂದು ಕಡೆ ಅಕ್ಷರದ ತಲೆ.

ಮೊಳೆಯ ಬುಡದಿಂದ ಅಕ್ಷರದ ಮುಖದವರೆಗಿನ ಎತ್ತರ ಎಲ್ಲ ಮೊಳೆಗಳಲ್ಲೂ ಒಂದೇ ಆಗಿರಬೇಕು. ಬ್ರಿಟಿಷ್ ಮತ್ತು ಅಮೆರಿಕನ್ ಪದ್ಧತಿಯಲ್ಲಿ ಅದು 0.918 ಅಂಗುಲ, ಎಂದರೆ ಸುಮಾರು 23.3 ಮಿಲಿಮೀಟರ್. ಫ್ರೆಂಚ್ ಎತ್ತರ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಸುಮಾರು 23.56. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ಎತ್ತರದ್ದು ಹಾಳೆಯನ್ನು ಚುಚ್ಚುತ್ತದೆ, ಗಿಡ್ಡದ್ದು ಮಸಿಯನ್ನೇ ಬಿಡುವುದಿಲ್ಲ. ಹಳೆಯ ಮೊಳೆಗಳನ್ನು ಕೊಳ್ಳುವಾಗ ಇದನ್ನು ಮರೆಯಬೇಡಿ.

ಅಳತೆಯ ಲೆಕ್ಕ ಸುಲಭ. 12 ಪಾಯಿಂಟಿಗೆ ಒಂದು ಪೈಕಾ, 6 ಪೈಕಾಗೆ ಹೆಚ್ಚುಕಡಿಮೆ ಒಂದು ಅಂಗುಲ. ಮೊಳೆಯ ಗಾತ್ರವನ್ನು ಪಾಯಿಂಟಿನಲ್ಲಿ, ಸಾಲಿನ ಅಗಲವನ್ನು ಪೈಕಾದಲ್ಲಿ ಹೇಳುತ್ತಾರೆ. ಈ ಪೈಕಾ ಲೆಕ್ಕದಲ್ಲೇ ಯೋಚಿಸಲು ರೂಢಿಸಿಕೊಳ್ಳಿ. ಮಿಲಿಮೀಟರಿಗೆ ಬದಲಿಸುತ್ತಾ ಕೂತರೆ ತಪ್ಪು ನುಸುಳುತ್ತದೆ.

ಏನೇನು ಬೇಕು

ಒಂದೇ ಮುಖದ, ಎಂದರೆ ಒಂದೇ ಅಕ್ಷರಶೈಲಿಯ, ಒಂದೇ ಗಾತ್ರದ ಮೊಳೆಗಳು ಧಾರಾಳವಾಗಿರಲಿ. 12 ಪಾಯಿಂಟ್ ಆದರೆ ಬೆರಳಿಗೂ ಕಣ್ಣಿಗೂ ಹದವಾಗಿರುತ್ತದೆ. ಹತ್ತು ಬಗೆಯ ಚೂರುಪಾರು ಮೊಳೆಗಳಿಗಿಂತ ಒಂದು ತುಂಬಿದ ಕೇಸು, ಎಂದರೆ ಮೊಳೆ ಇಡುವ ಮರದ ತಟ್ಟೆ, ಮೇಲು. ಅರ್ಧ ಪುಟ ಜೋಡಿಸುವಷ್ಟರಲ್ಲಿ ಒಂದು ಅಕ್ಷರ ಮುಗಿದುಹೋಯಿತೆಂದರೆ ಕೆಲಸ ಅಲ್ಲಿಗೇ ನಿಂತಿತು. ಸಾಲಿನೊಳಗಿನ ಖಾಲಿ ಜಾಗಕ್ಕೆ ಇಡುವ ತೆಳು ಮತ್ತು ದಪ್ಪ ತುಂಡುಗಳಾದ ಸ್ಪೇಸು ಮತ್ತು ಕ್ವಾಡುಗಳು, ಅದೇ ಗಾತ್ರದವು, ಅಕ್ಷರಗಳಷ್ಟೇ ಮುಖ್ಯ. ಮಾರುವವರು ಇವುಗಳನ್ನು ಲೆಕ್ಕಕ್ಕಿಲ್ಲದಂತೆ ಬಿಟ್ಟುಬಿಡುತ್ತಾರೆ, ನೀವು ಕೇಳಿ ಪಡೆಯಿರಿ. ಉಳಿದಂತೆ ಮೊಳೆ ಜೋಡಿಸಲು ಕೈಯಲ್ಲಿ ಹಿಡಿಯುವ ಒಂದು ಕಂಪೋಸಿಂಗ್ ಸ್ಟಿಕ್, ಜೋಡಿಸಿದ ಸಾಲುಗಳನ್ನು ಇಳಿಸುವ ತಟ್ಟೆಯಾದ ಒಂದು ಗ್ಯಾಲಿ, ಸಾಲುಗಳ ನಡುವೆ ಇಡುವ ತೆಳು ಪಟ್ಟಿಗಳಾದ 2 ಪಾಯಿಂಟಿನ ಲೆಡ್ಡುಗಳು, ಅದೇ ಬಗೆಯ ದಪ್ಪ ಪಟ್ಟಿಗಳಾದ 6 ಪಾಯಿಂಟಿನ ಸ್ಲಗ್ಗುಗಳು, ಗಟ್ಟಿ ದಾರ, ಚಿಮಟ, ಕೈರೋಲರ್, ಪೈಕಾ ಅಳತೆಪಟ್ಟಿ. ಆಮೇಲೆ ಪುಟವನ್ನು ಬಿಗಿಯುವ ಲೋಹದ ಚೌಕಟ್ಟಾದ ಚೇಸು, ಅದರೊಳಗಿನ ಖಾಲಿ ಜಾಗ ತುಂಬುವ ಮರದ ತುಂಡುಗಳಾದ ಫರ್ನಿಚರ್, ಎಲ್ಲವನ್ನೂ ಬಿಗಿಮಾಡುವ ಬೆಣೆಯಂಥ ಕ್ವಾಯಿನ್ ಮತ್ತು ಅದರ ಕೀಲಿ, ಒಂದು ಸಮತಟ್ಟಾದ ಕಲ್ಲು ಅಥವಾ ಉಕ್ಕಿನ ಹಲಗೆ. ಇಷ್ಟು ಸಾಕು.

ಹಳೆಯ ಮೊಳೆಗಳ ಮೇಲೆ ಬಿಳಿ ಪುಡಿ ಕಂಡರೆ ಅದನ್ನು ಊದಬೇಡಿ, ಒಣಬಟ್ಟೆಯಿಂದ ಒರೆಸಲೂಬೇಡಿ. ಅದು ಗಾಳಿಯೊಂದಿಗೆ ಸೇರಿ ಕೆಟ್ಟ ಸೀಸ. ಆ ಪುಡಿ ಉಸಿರಿನೊಂದಿಗೆ ಒಳಗೆ ಹೋಗುವುದು ಅಪಾಯ. ಅಂಥ ಮೊಳೆಗಳನ್ನು ಕೊಳ್ಳದಿರುವುದೇ ಒಳ್ಳೆಯದು. ಚೆನ್ನಾಗಿರುವ ಮೊಳೆಗಳೊಂದಿಗೆ ಕೆಲಸ ಮಾಡುವಾಗಲೂ ಅಲ್ಲಿ ತಿನ್ನಬಾರದು, ಕುಡಿಯಬಾರದು, ಮೊಳೆಯನ್ನು ಬಾಯಲ್ಲಿ ಕಚ್ಚಿಕೊಳ್ಳಬಾರದು, ಎದ್ದಾಗ ಸೋಪು ಹಾಕಿ ಕೈ ತೊಳೆಯಬೇಕು. ಚಿಕ್ಕ ಮಕ್ಕಳು ಮತ್ತು ಗರ್ಭಿಣಿಯರು ದೂರವಿರಲಿ. ಇದರಲ್ಲಿ ಸಡಿಲಿಕೆ ಬೇಡ.

ಕೇಸನ್ನು ಬೆರಳಿಗೆ ಕಲಿಸುವುದು

ಕೇಸು ಎಂದರೆ ಮನೆಮನೆಯಾಗಿ ವಿಂಗಡಿಸಿದ ಅಗಲವಾದ ಮರದ ತಟ್ಟೆ. ಹೆಚ್ಚು ಬಳಕೆಯ ಅಕ್ಷರಕ್ಕೆ ದೊಡ್ಡ ಮನೆ, ಕೈಗೆ ಹತ್ತಿರ. ಅಪರೂಪದ ಅಕ್ಷರಕ್ಕೆ ಮೂಲೆಯಲ್ಲಿ ಪುಟ್ಟ ಮನೆ. ರೋಮನ್ ಲಿಪಿಗೆ ಬಹಳ ಕಡೆ ಬಳಕೆಯಾದ ಕ್ಯಾಲಿಫೋರ್ನಿಯಾ ಜಾಬ್ ಕೇಸಿನಲ್ಲಿ 89 ಮನೆಗಳಿವೆ. ಅದರ ಬಲಗಡೆಯ ದೊಡ್ಡಕ್ಷರಗಳ ಸಾಲಿನಲ್ಲಿ ಜೆ ಮತ್ತು ಯು ಅಕ್ಷರಗಳು ಕೊನೆಯಲ್ಲಿ, ಜೆಡ್ ಆದಮೇಲೆ ಬರುತ್ತವೆ. ಅವೆರಡೂ ವರ್ಣಮಾಲೆಗೆ ತಡವಾಗಿ ಸೇರಿದ ಅಕ್ಷರಗಳು. ಕೇಸು ಅದನ್ನು ಇನ್ನೂ ನೆನಪಿಟ್ಟುಕೊಂಡಿದೆ.

ಕನ್ನಡದ ಕೇಸಿನ ಮಾತು ಬೇರೆ. ಕಾಗುಣಿತದ ಗುರುತು ಮೂಲಾಕ್ಷರದೊಂದಿಗೆ ಬೆಸೆದುಕೊಳ್ಳುವುದರಿಂದಲೂ ಒತ್ತಕ್ಷರಗಳಿಗೆ ಬೇರೆ ಮೊಳೆಗಳು ಬೇಕಾಗುವುದರಿಂದಲೂ ಮೊಳೆಗಳ ಸಂಖ್ಯೆ ನೂರಾರಕ್ಕೆ ಏರುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಕೈ ಎಷ್ಟು ಮನೆಗಳಿಗೆ ಹೋಗಬೇಕಾದೀತು, ಎಣಿಸಿ ನೋಡಿ. ಒತ್ತುಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆಯೂ ಹೆಚ್ಚು ಜಾಗ ಬಿಡಬೇಕು. ಹಾಗೆಂದು ಹೆದರಬೇಕಾಗಿಲ್ಲ. ಯಾವ ಲಿಪಿಯಾದರೂ ಕಲಿಯುವ ದಾರಿ ಒಂದೇ: ಕಾಗದದ ಮೇಲೆ ಕೇಸಿನ ಚಿತ್ರ ಬರೆದು ಎದುರಿಗೆ ಅಂಟಿಸಿಕೊಳ್ಳಿ. ವಾರ ಕಳೆದ ಮೇಲೆ ತೆಗೆದುಬಿಡಿ. ದಿನಕ್ಕೆ ಅರ್ಧ ಗಂಟೆ ಪರಿಚಿತ ಪದಗಳನ್ನು ಜೋಡಿಸಿ, ಬಿಡಿಸಿ ಹಾಕಿ. ಕಣ್ಣು ಹುಡುಕುವ ಮೊದಲೇ ಕೈ ಮನೆಗೆ ಹೋಗುವ ದಿನ ಬರುತ್ತದೆ.

ಸ್ಟಿಕ್ಕಿನಲ್ಲಿ ಮೊದಲ ಸಾಲು

ಸ್ಟಿಕ್ಕು ಮೂರು ಗೋಡೆಯ ಪುಟ್ಟ ತಟ್ಟೆ, ಎಡಗೋಡೆ ಸರಿಯುತ್ತದೆ. ಎಷ್ಟು ಅಗಲದ ಸಾಲು ಬೇಕೋ, ಅಂದುಕೊಳ್ಳೋಣ 20 ಪೈಕಾ, ಅಷ್ಟೇ ಉದ್ದದ ಸ್ಲಗ್ಗನ್ನು ಇಟ್ಟು ಗೋಡೆಯನ್ನು ಸರಿಸಿ ಬಿಗಿಮಾಡಿ. ಆ ಸ್ಲಗ್ಗನ್ನು ಹಿಂಗೋಡೆಗೆ ಒರಗಿಸಿ ಅಲ್ಲಿಯೇ ಬಿಡಿ.

1. ಸ್ಟಿಕ್ಕನ್ನು ಎಡಗೈಯಲ್ಲಿ, ತೆರೆದ ಬದಿ ನಿಮ್ಮಿಂದ ಆಚೆಗೆ ಇರುವಂತೆ ಹಿಡಿಯಿರಿ. ಹೆಬ್ಬೆರಳು ಒಳಗೆ, ಕೊನೆಗೆ ಇಟ್ಟ ಮೊಳೆಯನ್ನು ಒತ್ತಿ ಹಿಡಿದಿರಲಿ.

2. ಬಲಗೈಯಿಂದ ಮೊಳೆ ಎತ್ತುವಾಗಲೇ ಅದರ ನಿಕ್ ಎಲ್ಲಿದೆ ಎಂದು ನೋಡಿಕೊಳ್ಳಿ. ನಿಕ್ ಆಚೆಗೆ, ತೆರೆದ ಬದಿಗೆ ಮುಖಮಾಡಿರಬೇಕು. ಎಲ್ಲ ನಿಕ್‌ಗಳೂ ಸೇರಿ ಒಂದು ನೇರ ಕಾಲುವೆಯಂತೆ ಕಾಣಬೇಕು. ಕಾಲುವೆ ಎಲ್ಲಾದರೂ ತುಂಡಾಗಿದ್ದರೆ ಅಲ್ಲಿ ತಲೆಕೆಳಗಾದ ಮೊಳೆಯೋ ಬೇರೆ ಮುಖದ ಮೊಳೆಯೋ ಸೇರಿಕೊಂಡಿದೆ.

3. ಎಡದಿಂದ ಬಲಕ್ಕೆ ಜೋಡಿಸುತ್ತಾ ಹೋಗಿ. ಅಕ್ಷರಗಳು ನಿಮಗೆ ತಲೆಕೆಳಗಾಗಿ ಕಾಣುತ್ತವೆ, ಆದರೆ ಓದುವ ದಿಕ್ಕು ಎಡದಿಂದ ಬಲಕ್ಕೇ ಇರುತ್ತದೆ. ಹಾಗೆಯೇ ಓದಲು ಕಲಿಯಿರಿ. ಸ್ಟಿಕ್ಕನ್ನು ತಿರುಗಿಸಿ ಓದುವ ಚಾಳಿ ಬೆಳೆದರೆ ಬಿಡಿಸುವುದು ಕಷ್ಟ.

4. ಪದಗಳ ನಡುವೆ ಸ್ಪೇಸು ಇಡಿ. ಸಾಲು ತುಂಬುತ್ತಾ ಬಂದಾಗ ನಿಲ್ಲಿಸಿ. ಇಲ್ಲಿಂದ ಮುಂದೆ ನಿಜವಾದ ಕೆಲಸ.

ಸಾಲನ್ನು ಸರಿತೂಗಿಸುವುದು

ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕಲಿಯುವವರು ಬೇಗ ದಾಟಿಬಿಡುವುದು ಇದನ್ನೇ. ಪ್ರತಿ ಸಾಲೂ ಒಂದೇ ಅಗಲಕ್ಕೆ, ಒಂದೇ ಬಿಗಿಗೆ ಬರಬೇಕು. ಹದಿನೈದು ಸಾಲುಗಳಲ್ಲಿ ಒಂದು ಸಡಿಲವಾಗಿದ್ದರೂ ಚೇಸು ಎತ್ತಿದಾಗ ಆ ಸಾಲಿನ ಮೊಳೆಗಳು ಉದುರುತ್ತವೆ. ಒಂದು ಬಿಗಿಯಾಗಿದ್ದರೆ ಒತ್ತಡವೆಲ್ಲ ಅದರ ಮೇಲೆ ಬಿದ್ದು ಅಕ್ಕಪಕ್ಕದವು ಸಡಿಲವಾಗುತ್ತವೆ.

12 ಪಾಯಿಂಟಿನ ಮೊಳೆಗೆ ಎಂ ಕ್ವಾಡ್ ಎಂದರೆ 12 ಪಾಯಿಂಟಿನ ಚೌಕ. ಅದರ ಅರ್ಧ ಎನ್, 6 ಪಾಯಿಂಟ್. ಮೂರನೇ ಒಂದು ಭಾಗ 4, ನಾಲ್ಕನೇ ಒಂದು ಭಾಗ 3, ಐದನೇ ಒಂದು ಭಾಗ 2.4 ಪಾಯಿಂಟ್. ಇವಕ್ಕಿಂತ ತೆಳ್ಳಗೆ ಬೇಕೆಂದರೆ ಒಂದು ಪಾಯಿಂಟಿನ ಹಿತ್ತಾಳೆ, ಅರ್ಧ ಪಾಯಿಂಟಿನ ತಾಮ್ರದ ತಗಡುಗಳಿವೆ. ಪದಗಳ ನಡುವೆ ಮೊದಲು 4 ಪಾಯಿಂಟಿನದನ್ನೇ ಇಡುತ್ತಾ ಹೋಗಿ. ಸಾಲಿನ ಕೊನೆಗೆ 6 ಪಾಯಿಂಟ್ ಖಾಲಿ ಉಳಿಯಿತು ಎನ್ನಿ. ಮೂರು ಕಡೆ 4ರ ಸ್ಪೇಸು ತೆಗೆದು 6ರ ಎನ್ ಕ್ವಾಡ್ ಇಟ್ಟರೆ ಎರಡೆರಡರಂತೆ ಆರು ಸೇರಿತು. ಮೂರು ಪಾಯಿಂಟ್ ಹೆಚ್ಚಾಗಿ ಕೊನೆಯ ಅಕ್ಷರ ಹಿಡಿಯುತ್ತಿಲ್ಲ ಎನ್ನಿ. ಆಗ ಮೂರು ಕಡೆ 4ರ ಬದಲು 3 ಇಡಿ.

ಆ ಮೂರು ಕಡೆ ಯಾವುವು ಎನ್ನುವುದು ನಿಮ್ಮ ಕಣ್ಣಿಗೆ ಬಿಟ್ಟದ್ದು. ಪೂರ್ಣವಿರಾಮ, ಅಲ್ಪವಿರಾಮಗಳ ಪಕ್ಕದಲ್ಲಿ ಆಗಲೇ ಬಿಳುಪು ಹೆಚ್ಚು ಕಾಣುತ್ತದೆ, ಅಲ್ಲಿ ಕಡಿಮೆ ಮಾಡಬಹುದು. ಎತ್ತರದ ನೆಟ್ಟನೆಯ ಅಕ್ಷರಗಳು ಎದುರುಬದುರಾದಲ್ಲಿ ಇಕ್ಕಟ್ಟು ಕಾಣುತ್ತದೆ, ಅಲ್ಲಿ ಹೆಚ್ಚಿಸಬಹುದು. ಅಳತೆಯಲ್ಲಿ ಸಮ ಇದ್ದರೆ ಸಾಲದು, ನೋಟಕ್ಕೆ ಸಮ ಇರಬೇಕು.

ಸಾಲು ಸರಿಯಾಯಿತೇ ಎಂದು ತಿಳಿಯಲು ಒಂದೇ ಪರೀಕ್ಷೆ. ಸ್ಟಿಕ್ಕನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಹೆಬ್ಬೆರಳು ತೆಗೆಯಿರಿ. ಸಾಲು ತಾನಾಗಿ ನಿಂತಿರಬೇಕು. ಬೆರಳ ತುದಿಯಿಂದ ತಳ್ಳಿದರೆ ಸರಿಯಬೇಕು. ಬಿದ್ದರೆ ಸಡಿಲ, ತಳ್ಳಲು ಬಲ ಬೇಕಾದರೆ ಬಿಗಿ. ಕೊನೆಯ ಸ್ಪೇಸನ್ನು ಗುದ್ದಿ ತೂರಿಸುವುದು ಬೇಡ, ಸ್ಟಿಕ್ಕಿನ ಗೋಡೆಯೇ ಸರಿದು ಮುಂದಿನ ಸಾಲುಗಳೆಲ್ಲ ಅಗಲವಾಗುತ್ತವೆ.

1450ರ ದಶಕದಲ್ಲಿ ಮೈನ್ಸ್ ನಗರದಲ್ಲಿ ಗುಟೆನ್‌ಬರ್ಗ್ ಅಚ್ಚುಹಾಕಿದ 42 ಸಾಲಿನ ಬೈಬಲ್ಲಿನ ಪುಟ ನೋಡಿದರೆ ಬಲ ಅಂಚು ಗೆರೆ ಎಳೆದಂತಿದೆ. ಒಂದೇ ಅಕ್ಷರಕ್ಕೆ ಅಗಲ ಕಿರಿದಾದ ಬೇರೆ ಬೇರೆ ಮೊಳೆಗಳು, ಕೂಡಕ್ಷರಗಳು, ಸಂಕ್ಷೇಪಗಳನ್ನು ಇಟ್ಟುಕೊಂಡು ಅಲ್ಲಿ ಸಾಲನ್ನು ತೂಗಿಸಿದ್ದಾರೆ, ಪದಗಳ ನಡುವೆ ಹಳ್ಳ ಬೀಳಲು ಬಿಟ್ಟಿಲ್ಲ. 1886ರಲ್ಲಿ ಕೆಲಸಕ್ಕಿಳಿದ ಲೈನೋಟೈಪ್ ಯಂತ್ರ ಇದೇ ಕೆಲಸಕ್ಕೆ ಪದಗಳ ನಡುವೆ ಬೆಣೆಗಳನ್ನು ಇಟ್ಟು, ಎಲ್ಲವನ್ನೂ ಒಟ್ಟಿಗೆ ಮೇಲಕ್ಕೆ ತಳ್ಳಿ ಸಾಲನ್ನು ಬಿಗಿಗೊಳಿಸಿತು. ನಿಮ್ಮ ಹೆಬ್ಬೆರಳು ಮಾಡುವುದೂ ಆ ಬೆಣೆಯ ಕೆಲಸವನ್ನೇ.

ಸಾಲು ಮುಗಿದ ಮೇಲೆ ಮುಂದೆ ಒಂದು ಲೆಡ್ಡು ಇಟ್ಟು ಎರಡನೆಯ ಸಾಲಿಗೆ ಹೋಗಿ.

ಗ್ಯಾಲಿಗೆ ಇಳಿಸಿ ದಾರ ಕಟ್ಟುವುದು

ಸ್ಟಿಕ್ಕು ಮುಕ್ಕಾಲು ತುಂಬಿದಾಗಲೇ ಇಳಿಸಿ. ಮೇಲೂ ಕೆಳಗೂ ಒಂದೊಂದು ಸ್ಲಗ್ಗು ಇರಲಿ. ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಸ್ಲಗ್ಗುಗಳನ್ನು, ಮಧ್ಯದ ಬೆರಳುಗಳಿಂದ ಸಾಲಿನ ತುದಿಗಳನ್ನು ಒತ್ತಿ, ನಾಲ್ಕೂ ಕಡೆ ಒತ್ತಡವಿರುವಂತೆ ಹಿಡಿದು ಗ್ಯಾಲಿಗೆ ಸರಿಸಿ. ಎತ್ತುವುದಕ್ಕಿಂತ ಜಾರಿಸುವುದು ಒಳ್ಳೆಯದು. ಕೈ ಸಡಿಲವಾಗಿ ಎಲ್ಲವೂ ಚೆಲ್ಲಿಹೋದ ಗುಡ್ಡೆಗೆ ಅಚ್ಚುಮನೆಯವರು ಪೈ ಎನ್ನುತ್ತಾರೆ. ಅದನ್ನು ಒಂದೊಂದಾಗಿ ಆಯ್ದು ಕೇಸಿಗೆ ಹಾಕುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಪುಟ ಪೂರ್ತಿಯಾದಾಗ ದಾರದ ತುದಿಯನ್ನು ಒಂದು ಮೂಲೆಯಲ್ಲಿ ಹಿಡಿದು, ಗಡಿಯಾರದ ಮುಳ್ಳು ತಿರುಗುವಂತೆ ನಾಲ್ಕೈದು ಸುತ್ತು ಸುತ್ತಿ. ಮೊದಲ ಸುತ್ತಿನಲ್ಲೇ ದಾರ ತನ್ನ ತುದಿಯನ್ನು ತಾನೇ ಒತ್ತಿಕೊಳ್ಳಬೇಕು. ಕೊನೆಯ ತುದಿಗೆ ಗಂಟು ಹಾಕಬೇಡಿ. ಲೆಡ್ಡಿನ ಮೂಲೆಯಿಂದ ಸುತ್ತುಗಳ ಅಡಿಗೆ ತೂರಿಸಿದರೆ ಸಾಕು, ಎಳೆದಾಗ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ.

ಕರಡಚ್ಚು ಮತ್ತು ತಿದ್ದುಪಡಿ

ಗ್ಯಾಲಿಯಲ್ಲಿಯೇ ಕೈರೋಲರಿನಿಂದ ತೆಳುವಾಗಿ ಮಸಿ ಸವರಿ, ಹಾಳೆ ಹಾಸಿ, ಮೇಲಿಂದ ಉಜ್ಜಿ ಕರಡು ತೆಗೆಯಿರಿ. ಓದುವುದು ಎರಡು ಸಲ. ಒಂದು ಸಲ ಅರ್ಥಕ್ಕೆ, ಇನ್ನೊಂದು ಸಲ ಮೊಳೆಗೆ. ಎರಡನೆಯ ಓದಿನಲ್ಲಿ ಪದ ಮರೆತು ಒಂದೊಂದೇ ಅಕ್ಷರದ ಆಕಾರ ನೋಡಬೇಕು. ಕನ್ನಡದಲ್ಲಿ ದ, ಧ, ಥ ಒಂದು ಚುಕ್ಕೆ ಅಥವಾ ಒಂದು ಸೀಳಿನಲ್ಲಿ ಬೇರೆಯಾಗುತ್ತವೆ, ಡ ಮತ್ತು ಢ ಕೂಡ ಹಾಗೆಯೇ. ಸೊನ್ನೆ ಅನುಸ್ವಾರದ ಮನೆಗೆ ನುಗ್ಗಿರುತ್ತದೆ. ರೋಮನ್ ಲಿಪಿಯಲ್ಲಿ ಬಿ, ಡಿ, ಪಿ, ಕ್ಯು ಎಂಬ ನಾಲ್ಕು ಸಣ್ಣಕ್ಷರಗಳು ಒಂದರ ವೇಷ ಇನ್ನೊಂದು ಹಾಕಿ ಬರುತ್ತವೆ.

ತಪ್ಪಾದ ಮೊಳೆಯನ್ನು ಬಿಗಿಯಾದ ಸಾಲಿನಿಂದ ಚಿಮಟದಲ್ಲಿ ಕಿತ್ತೆಳೆಯಬೇಡಿ. ಚಿಮಟ ಜಾರಿದರೆ ಪಕ್ಕದ ಅಕ್ಷರದ ಮುಖ ಗೀರಿಹೋಗುತ್ತದೆ, ಆ ಗೀರು ಮುಂದೆ ಪ್ರತಿ ಹಾಳೆಯಲ್ಲೂ ಕಾಣುತ್ತದೆ. ದಾರ ಬಿಚ್ಚಿ, ಸಾಲನ್ನು ಸಡಿಲಿಸಿ, ಬೆರಳಿನಿಂದ ತೆಗೆಯಿರಿ. ಹೊಸ ಮೊಳೆಯ ಅಗಲ ಬೇರೆಯಾದರೆ ಆ ಸಾಲನ್ನು ಸ್ಟಿಕ್ಕಿಗೆ ವಾಪಸು ತಂದು ಮತ್ತೆ ತೂಗಿಸಲೇಬೇಕು.

ಚೇಸಿನಲ್ಲಿ ಬಿಗಿಯುವುದು

ಕಲ್ಲನ್ನು ಒರೆಸಿ. ಮೊಳೆಯ ಬುಡದಲ್ಲಿ ಒಂದು ಕಸ ಸಿಕ್ಕಿಕೊಂಡರೂ ಆ ಅಕ್ಷರ ತಲೆ ಎತ್ತಿ ನಿಲ್ಲುತ್ತದೆ. ಪುಟವನ್ನು ಕಲ್ಲಿನ ಮೇಲೆ ಜಾರಿಸಿ, ಸುತ್ತ ಚೇಸು ಇಡಿ. ನಾಲ್ಕು ಬದಿಗೆ ಫರ್ನಿಚರ್ ಇಡುವಾಗ ಪ್ರತಿ ತುಂಡು ಒಂದು ತುದಿಯಲ್ಲಿ ಮುಂದಿನ ತುಂಡನ್ನು ದಾಟಿಕೊಂಡು ಹೋಗಲಿ, ಗಿರಗಟ್ಟೆಯ ರೆಕ್ಕೆಗಳ ಹಾಗೆ. ಆಗ ಒಂದನ್ನೊಂದು ತಡೆಯದೆ ಎಲ್ಲವೂ ಒಳಕ್ಕೆ ಸರಿಯಬಲ್ಲವು. ಕ್ವಾಯಿನ್‌ಗಳು ಎರಡು ಬದಿಗೆ ಸಾಕು, ಒಂದು ಮೇಲ್ಗಡೆ, ಒಂದು ಪಕ್ಕಕ್ಕೆ.

ದಾರ ಬಿಚ್ಚಿ, ಕ್ವಾಯಿನ್‌ಗಳನ್ನು ಬೆರಳಿನಿಂದ ತಿರುಗಿಸುವಷ್ಟು ಮಾತ್ರ ಬಿಗಿಮಾಡಿ. ಚಪ್ಪಟೆ ಮರದ ತುಂಡೊಂದನ್ನು ಮೊಳೆಗಳ ಮೇಲಿಟ್ಟು ಹಗುರವಾಗಿ ತಟ್ಟಿ, ಎಲ್ಲ ಬುಡಗಳೂ ಕಲ್ಲಿಗೆ ಕೂರಲಿ. ಆಮೇಲೆ ಕೀಲಿ ಹಾಕಿ ಒಂದಿಷ್ಟು ಇಲ್ಲಿ, ಒಂದಿಷ್ಟು ಅಲ್ಲಿ ಎಂದು ಸರದಿಯಲ್ಲಿ ಬಿಗಿಯಿರಿ. ಬಿಗಿಯಾದ ಮೇಲೆ ತಟ್ಟಬಾರದು. ಚೇಸಿನ ಒಂದು ಮೂಲೆಯನ್ನು ಕೀಲಿಯ ಮೇಲೆ ಇಟ್ಟು, ಪುಟದ ಎಲ್ಲ ಭಾಗಗಳನ್ನೂ ಬೆರಳಿನಿಂದ ಒತ್ತಿ ನೋಡಿ. ಅಲುಗುವ ಮೊಳೆ ಸಿಕ್ಕರೆ ಇನ್ನಷ್ಟು ಬಿಗಿಯಬೇಡಿ. ಕ್ವಾಯಿನ್ ಸಡಿಲಿಸಿ ಆ ಸಾಲನ್ನು ತೂಗಿಸಿ. ನಾನು ಕಲಿಯುತ್ತಿದ್ದಾಗ ಈ ಪರೀಕ್ಷೆಯನ್ನು ಬಿಟ್ಟು ಚೇಸು ಎತ್ತಿದೆ. ಎರಡು ದಿನದ ಕೆಲಸದ ನಟ್ಟನಡುವಿನಿಂದ ಒಂದು ಸಾಲು ಕಲ್ಲಿನ ಮೇಲೆ ಸುರಿಯಿತು, ಅದರ ಹಿಂದೆ ಉಳಿದವು. ಆ ಸದ್ದು ಕೇಳಿದ ಮೇಲೆ ಒಂದು ಸಲವೂ ಪರೀಕ್ಷೆ ತಪ್ಪಿಸಿಲ್ಲ.

ಅಚ್ಚು ಹಾಕುವುದು

ಯಂತ್ರಗಳಲ್ಲಿ ಹಲವು ಬಗೆ. ಲಿವರ್ ಎಳೆದು ಒತ್ತುವ ಕಬ್ಬಿಣದ ಕೈಯಂತ್ರಗಳು, ಕಾಲಿನಿಂದ ತುಳಿಯುವ ಟ್ರೆಡಲ್, ಉರುಳೆ ಉರುಳುವ ಪ್ರೂಫ್ ಯಂತ್ರ. ಯಾವುದಾದರೂ ಕೇಳುವುದು ಮೂರನ್ನೇ: ಸರಿಯಾದ ಮಸಿ, ಸರಿಯಾದ ಎತ್ತರದ ರೋಲರ್, ಸರಿಯಾದ ಒತ್ತು.

ಮಸಿ ಕಡಿಮೆಯಿಂದ ಆರಂಭಿಸಿ. ಕಡಲೆಕಾಳಿನಷ್ಟು ಹಾಕಿ ರೋಲರ್ ಓಡಿಸಿದರೆ ಸಣ್ಣಗೆ ಸುಯ್ ಎನ್ನುವ ಸದ್ದು ಬರಬೇಕು. ಚಪಚಪ ಎಂದರೆ ಹೆಚ್ಚಾಗಿದೆ. ಕಲಿಯುವವರಿಗೆ ರಬ್ಬರ್ ಆಧಾರದ ಮಸಿ ಅನುಕೂಲ, ಯಂತ್ರದ ಮೇಲೆ ಬೇಗ ಒಣಗುವುದಿಲ್ಲ. ರೋಲರ್ ಮೊಳೆಯ ಎತ್ತರದ ಅಳತೆಕಡ್ಡಿಯ ಮೇಲೆ ಎರಡು ಮೂರು ಮಿಲಿಮೀಟರ್ ಅಗಲದ ಗೆರೆ ಬಿಡಬೇಕು. ಗೆರೆ ಅದಕ್ಕಿಂತ ಅಗಲವಾದರೆ ರೋಲರ್ ತಗ್ಗಾಗಿದೆ ಎಂದರ್ಥ, ಮಸಿ ಅಕ್ಷರದ ಪಕ್ಕೆಗಳಿಗೂ ಇಳಿದು ಅಂಚು ದಪ್ಪಗಾಗುತ್ತದೆ.

ಒತ್ತುವ ಹಲಗೆಯ ಮೇಲೆ ಬಿಗಿದ ಗಟ್ಟಿ ಹಾಳೆಗೆ ಟೈಂಪನ್ ಎಂದು ಹೆಸರು. ಅದರ ಅಡಿಗೆ ಕೆಲವೇ ಹಾಳೆ ಇಟ್ಟು, ಅಕ್ಷರ ಇನ್ನೂ ಮಸುಕಾಗಿರುವಾಗಲೇ ಶುರುಮಾಡಿ, ಒಂದೊಂದೇ ಹಾಳೆ ಸೇರಿಸಿ. ಟೈಂಪನ್ ಮೇಲೆಯೇ ಒಂದು ಅಚ್ಚು ತೆಗೆದು, ಅದರಿಂದ ಅಳೆದು, ಹಾಳೆ ಕೂರುವ ಜಾಗಕ್ಕೆ ಗೇಜ್ ಪಿನ್ ಚುಚ್ಚಿ. ಪಿನ್ ಮೊಳೆಯ ಎದುರಿಗೆ ಬಂದರೆ ಒಂದೇ ಏಟಿಗೆ ಅಕ್ಷರ ಜಜ್ಜಿಹೋಗುತ್ತದೆ. ಮೊದಲ ಹಾಳೆಯನ್ನು ತಿರುವಿ, ಓರೆ ಬೆಳಕಿನಲ್ಲಿ ಹಿಂಬದಿಯನ್ನು ನೋಡಿ. ಒತ್ತು ಎಲ್ಲಿ ಕಡಿಮೆಯೋ ಅಲ್ಲಿಗೆ ಟೈಂಪನ್ ಅಡಿಯಲ್ಲಿ ತೆಳುಕಾಗದದ ಚೂರು ಅಂಟಿಸಿ. ಈ ತೇಪೆ ಕೆಲಸಕ್ಕೆ ಅಚ್ಚು ಹಾಕುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು, ಹಿಡಿಯಲಿ.

ಎಷ್ಟು ಒತ್ತಬೇಕು ಎಂಬ ಬಗ್ಗೆ ಈಗ ಎರಡು ಮತಗಳಿವೆ. ಬೆರಳಿಗೆ ಹಳ್ಳ ಸಿಗುವಂತೆ ಆಳಕ್ಕೆ ಒತ್ತುವುದು ಇತ್ತೀಚಿನ ಅಭಿರುಚಿ. ಹಳೆಯ ಕಸುಬುದಾರರು ಮೊಳೆ ಹಾಳೆಯನ್ನು ಮುಟ್ಟಿ ಮಸಿ ಬಿಟ್ಟು ಬರಬೇಕು, ಹಿಂಬದಿಗೆ ಸುಳಿವು ಸಿಗಬಾರದು ಎನ್ನುತ್ತಿದ್ದರು. ನಾನು ಹಳಬರ ಕಡೆ. ಸೀಸ ಮೆತ್ತಗಿನ ಲೋಹ, ಆಳದ ಒತ್ತು ಮೊಳೆಯ ಮುಖವನ್ನು ಸವೆಸುತ್ತದೆ. ಹಳ್ಳವೇ ಬೇಕಿದ್ದರೆ ಫೋಟೊಪಾಲಿಮರ್ ಪ್ಲೇಟ್, ಎಂದರೆ ಅಕ್ಷರಗಳು ಉಬ್ಬಿರುವ ಪ್ಲಾಸ್ಟಿಕ್ ಅಚ್ಚು, ಮಾಡಿಸಿಕೊಳ್ಳಿ, ಮತ್ತೆ ಸಿಗದ ಮೊಳೆಗಳನ್ನು ಅದಕ್ಕಾಗಿ ಬಲಿಕೊಡಬೇಡಿ.

ಒಂದು ಎಚ್ಚರಿಕೆ: ಓರೆಯಾಗಿ ಕೂತ ಹಾಳೆಯನ್ನು ಸರಿಪಡಿಸಲು ಮುಚ್ಚುತ್ತಿರುವ ಯಂತ್ರದೊಳಗೆ ಕೈ ಹಾಕಬೇಡಿ. ಹಾಳೆ ಹೋಗಲಿ ಬಿಡಿ. ತೋಳು ಮಡಚಿ, ಕೂದಲು ಕಟ್ಟಿ, ಬಳೆ ಉಂಗುರ ತೆಗೆದಿಟ್ಟು ನಿಲ್ಲಿ.

ತೊಳೆದು, ಬಿಡಿಸಿ ಹಾಕುವುದು

ಕೆಲಸ ಮುಗಿದ ದಿನವೇ ಮಸಿ ತೆಗೆಯಿರಿ. ಬಟ್ಟೆಗೆ ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಹಾಕಿ ಮೊಳೆಗಳ ಮುಖ ಒರೆಸಿ, ಸಂದುಗಳಿಗೆ ಮೆತ್ತನೆಯ ಬ್ರಷ್ ಬಳಸಿ, ಕಿಟಕಿ ತೆರೆದಿಡಿ. ಮಸಿ ಎಣ್ಣೆ ಮೆತ್ತಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಮಸಿ ಒಣಗುತ್ತಾ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ.

ಕೊನೆಯದು ಮೊಳೆಗಳನ್ನು ಕೇಸಿಗೆ ವಾಪಸು ಹಾಕುವುದು. ಮೂರು ನಾಲ್ಕು ಸಾಲುಗಳನ್ನು ನಿಕ್ ಮೇಲಿರುವಂತೆ ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಒಂದು ಪದ ತೆಗೆದು, ಓದಿ, ಒಂದೊಂದೇ ಅಕ್ಷರವನ್ನು ಅದರ ಮನೆಗೆ ಬಿಡಿ. ಎತ್ತರದಿಂದ ಎಸೆಯಬೇಡಿ, ಮುಖಕ್ಕೆ ಪೆಟ್ಟಾಗುತ್ತದೆ. ಇಂದು ತಪ್ಪು ಮನೆಗೆ ಬಿದ್ದ ಮೊಳೆಯೇ ನಾಳೆಯ ಕರಡಿನಲ್ಲಿ ಮುದ್ರಣದೋಷವಾಗಿ ಏಳುವುದು. ಅಕ್ಷರಗಳೆಲ್ಲ ಮುಗಿದ ಮೇಲೆ ಅಂಗೈಯಲ್ಲಿ ಸ್ಪೇಸುಗಳ ಗುಡ್ಡೆ ಉಳಿಯುತ್ತದೆ. ಅವುಗಳನ್ನು ಒಟ್ಟಿಗೆ ಒಂದೇ ಮನೆಗೆ ಸುರಿಯುವ ಆಸೆಯಾಗುತ್ತದೆ, ಸುರಿಯಬೇಡಿ. 4ರದ್ದು, 3ರದ್ದು, 2.4ರದ್ದು ಎಂದು ಬೆರಳಿನಲ್ಲಿ ಹೊರಳಿಸಿ ಬೇರೆ ಬೇರೆ ಮನೆಗೆ ಹಾಕಿ. ನಾಳೆ ಸಾಲು ತೂಗಿಸುವಾಗ ಕೈ ನೇರವಾಗಿ ಹೋಗುವುದು ಅಲ್ಲಿಗೇ.